ಬೆಂಗಳೂರಿನಲ್ಲಿ ಡ್ರೀಮ್ ಪಾಪ್ ಬ್ಯಾಂಡನ್ನು ಹುಡುಕುವ ಬಗೆ

ಬೆಂಗಳೂರಿನಲ್ಲಿ ಸ್ವಂತ ಹಾಡು ಕಟ್ಟಿ ನುಡಿಸುವ ಬ್ಯಾಂಡ್‌ಗಳಿಗೆ ಬರವಿಲ್ಲ. ಆದರೆ ಆರ್ಭಟಕ್ಕಿಂತ ನಾದವನ್ನು ನಂಬಿಕೊಂಡು, ಅರೆನಿದ್ದೆಯಲ್ಲಿ ಕೇಳಿದಂತೆ ಮೆಲ್ಲಗೆ ಆವರಿಸಿಕೊಳ್ಳುವ ಡ್ರೀಮ್ ಪಾಪ್ ಎಂಬ ಬಗೆಯ ಸಂಗೀತ ಮಾಡುವ ಬ್ಯಾಂಡ್‌ಗಳು ಕಡಿಮೆ, ಇರುವವೂ ಬಹುಪಾಲು ಕೇಳುಗರ ಕಿವಿಗೆ ಬೀಳದೆಯೇ ಕೆಲವು ವರ್ಷ ನುಡಿಸಿ ಚದುರಿಹೋಗುತ್ತವೆ. ಅವುಗಳ ಹಿಂದೆ ಸಿನಿಮಾದ ಬಲವಾಗಲಿ, ದೊಡ್ಡ ಕಂಪನಿಯ ಪ್ರಚಾರವಾಗಲಿ ಇರುವುದಿಲ್ಲವಾದ್ದರಿಂದ ಅವು ನಮ್ಮನ್ನು ಹುಡುಕಿಕೊಂಡು ಬರುವುದು ಅಪರೂಪ. ಹುಡುಕುವ ಕೆಲಸ ಕೇಳುಗರಿಗೇ ಬಿಟ್ಟದ್ದು. ಆ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ. ಆ್ಯಪ್‌ಗಳ ಶಿಫಾರಸನ್ನು ನೆಚ್ಚಿಕೊಂಡು ಕೂರುವುದಕ್ಕಿಂತ, ನುಡಿಸುವವರ ಮತ್ತು ನುಡಿಸಲು ಜಾಗ ಮಾಡಿಕೊಡುವವರ ಜಾಡು ಹಿಡಿದು ಹೋಗುವುದೇ ಫಲ ಕೊಡುವ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಡುಕುವ ಮುಂಚೆ ಏನನ್ನು ಹುಡುಕುತ್ತಿದ್ದೇವೆ ಎಂಬುದು ಕಿವಿಗೆ ಗೊತ್ತಿರಬೇಕು. ಈ ಬಗೆಯ ಸಂಗೀತ ರೂಪುಗೊಂಡದ್ದು 1980ರ ದಶಕದ ಬ್ರಿಟನ್ನಿನಲ್ಲಿ. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ಬ್ಯಾಂಡಿನ ರಾಬಿನ್ ಗಥ್ರಿ ಗಿಟಾರಿನ ಒಂದೊಂದು ಸ್ವರವನ್ನೂ ಪದರಪದರವಾಗಿ ಹರಡಿದರೆ, ಗಾಯಕಿ ಎಲಿಜಬೆತ್ ಫ್ರೇಸರ್ ಎಷ್ಟೋ ಕಡೆ ಸಾಹಿತ್ಯ ಇದೇ ಎಂದು ಹಿಡಿಯಲಾಗದಂತೆ ಹಾಡಿ ಕಂಠವನ್ನೂ ಒಂದು ವಾದ್ಯವನ್ನಾಗಿಸಿದರು. ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡ್ 1991ರಲ್ಲಿ ಹೊರತಂದ ‘ಲವ್‌ಲೆಸ್’ ಆಲ್ಬಮ್, ಅದೇ ಕಾಲದ ಸ್ಲೋಡೈವ್ ಬ್ಯಾಂಡಿನ ಹಾಡುಗಳು ಇದರ ಇನ್ನೊಂದು ಕವಲನ್ನು ತೋರಿಸಿದವು. ಅಲ್ಲಿ ಗಿಟಾರ್ ಭೋರ್ಗರೆಯುತ್ತದೆ, ಆದರೂ ಒಟ್ಟು ಅನುಭವ ಮೃದುವಾಗಿಯೇ ಇರುತ್ತದೆ. ಈ ಮೂರು ಬ್ಯಾಂಡ್‌ಗಳನ್ನು ಕೆಲವು ದಿನ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಕಿವಿಗೆ ಒಂದು ಅಳತೆಗೋಲು ಸಿಗುತ್ತದೆ.

ಇದರ ಒಳಗಿನ ಕೆಲಸವನ್ನು ಸ್ವಲ್ಪ ತಿಳಿದುಕೊಂಡರೆ ಕೇಳುವುದು ಇನ್ನೂ ಸುಲಭ. ರಿವರ್ಬ್ ಎಂಬ ಪರಿಣಾಮ ಸ್ವರವನ್ನು ದೊಡ್ಡ ಕಲ್ಲಿನ ಮಂಟಪದಲ್ಲಿ ನುಡಿಸಿದಂತೆ ಉಳಿಸಿಕೊಳ್ಳುತ್ತದೆ, ಡಿಲೇ ಅದೇ ಸ್ವರವನ್ನು ಕ್ಷಣ ಬಿಟ್ಟು ಮರುಕಳಿಸುತ್ತದೆ, ಕೋರಸ್ ಸ್ವರದ ಪಕ್ಕದಲ್ಲೇ ಕೂದಲೆಳೆಯಷ್ಟು ಶ್ರುತಿ ಸರಿದ ಅದರ ಪ್ರತಿಯನ್ನು ಇಟ್ಟು ಮಿನುಗಿಸುತ್ತದೆ. ಇವನ್ನು ನಿಯಂತ್ರಿಸುವ ಪೆಡಲ್‌ಗಳು ಗಿಟಾರ್ ವಾದಕರ ಕಾಲ ಬಳಿ ಸಾಲಾಗಿ ಜೋಡಿಸಿರುತ್ತವೆ. ವೇದಿಕೆಯ ಹತ್ತಿರ ನಿಂತಾಗ ಅವರ ಬಲಗೈ ಕಿರುಬೆರಳನ್ನು ಗಮನಿಸಿ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ಇಳಿಸಿಕೊಂಡು ತಂತಿ ಮೀಟುತ್ತಾರೆ, ಮೀಟಿದ ಮರುಕ್ಷಣ ಅದೇ ಕಿರುಬೆರಳಿನಿಂದ ಗುಂಡಿಯನ್ನು ಮೆಲ್ಲಗೆ ಏರಿಸುತ್ತಾರೆ. ಮೀಟಿದ ಪೆಟ್ಟು ಕೇಳುವುದೇ ಇಲ್ಲ, ಸ್ವರ ಮಾತ್ರ ಎಲ್ಲಿಂದಲೋ ಉಕ್ಕಿ ಬರುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಹತ್ತಿಯ ಎಳೆಯೊಂದನ್ನು ಸರಿಸುತ್ತ ಸರಿಸುತ್ತ ನಾದ ಅರಳುವ ಬಿಂದುವನ್ನು ಹುಡುಕುವುದನ್ನು ಕಂಡವರಿಗೆ, ಒಂದೇ ಸ್ವರದೊಳಗೆ ಇಷ್ಟೊಂದು ಸ್ವರಗಳನ್ನು ಕೇಳಿಸುವ ಈ ಆಸೆ ಹೊಸದೆನಿಸುವುದಿಲ್ಲ. ಶ್ರುತಿಯ ಆಧಾರ ಕೇಳಿಕೊಂಡು ಬೆಳೆದ ಕಿವಿಗೆ ಡ್ರೀಮ್ ಪಾಪ್ ಬೇಗ ಒಲಿಯುತ್ತದೆ ಎಂದೇ ನಾನು ನಂಬಿದ್ದೇನೆ.

ಇನ್ನು ಹುಡುಕಾಟ. ಮೊದಲಿಗೆ ಊರಿನ ಹಳೆಯ ಬೇರುಗಳನ್ನು ಕೇಳುವುದು ಒಳ್ಳೆಯದು, ಏಕೆಂದರೆ ಹೊಸ ಬ್ಯಾಂಡ್‌ಗಳು ಆಕಾಶದಿಂದ ಉದುರುವುದಿಲ್ಲ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಬ್ಯಾಂಡ್ ಹುಟ್ಟಿದ್ದು 1996ರಲ್ಲಿ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುತ್ತ ಬಂದ ಫ್ರೀಡಂ ಜ್ಯಾಮ್ ಎಂಬ ಸಂಗೀತೋತ್ಸವ ಕೂಡ ಅದೇ ವರ್ಷ ಆರಂಭವಾಗಿ, ಹೆಸರಿಲ್ಲದ ಎಷ್ಟೋ ಬ್ಯಾಂಡ್‌ಗಳಿಗೆ ವೇದಿಕೆ ಕೊಟ್ಟಿತು. ನಮ್ಮ ವಿಷಯಕ್ಕೆ ಇವೆರಡಕ್ಕಿಂತ ಹತ್ತಿರವಾದದ್ದು ಲೌಂಜ್ ಪಿರಾನಾ. 2008ರಲ್ಲಿ ‘ಗೋಯಿಂಗ್ ನೋವೇರ್’ ಆಲ್ಬಮ್ ತಂದ ಈ ಬೆಂಗಳೂರಿನ ಬ್ಯಾಂಡ್ ನಿಧಾನವಾಗಿ ಕಟ್ಟಿಕೊಂಡು ಹೋಗುವ, ಗಿಟಾರಿನ ಪದರಗಳ ಮೇಲೆ ನಿಂತ ಸಂಗೀತವನ್ನು ಇಲ್ಲಿನ ಕೇಳುಗರಿಗೆ ಪರಿಚಯಿಸಿತು. ಆಮೇಲೆ ಬಂದ ಅಂಟಿಲ್ ವಿ ಲಾಸ್ಟ್ ಹೆಚ್ಚುಕಡಿಮೆ ಮಾತಿಲ್ಲದೆ, ಬರೀ ವಾದ್ಯಗಳಲ್ಲಿ ಆ ವಿಸ್ತಾರವನ್ನು ಹಿಡಿಯಿತು. ಕಾಶ್ಮೀರದಿಂದ ಬಂದ ಗೆಳೆಯರಿಬ್ಬರು ಬೆಂಗಳೂರಿನಲ್ಲಿ ಆರಂಭಿಸಿದ ಪರ್ವಾಜ್ ಬ್ಯಾಂಡಿನ ‘ಬಾರನ್’ (2014) ಆಲ್ಬಮ್ ಉರ್ದು ಮತ್ತು ಕಾಶ್ಮೀರಿ ಹಾಡುಗಳನ್ನು ಸೈಕೆಡೆಲಿಕ್ ರಾಕಿನ ಉದ್ದನೆಯ ಆಲಾಪಗಳಲ್ಲಿ ಹಿಗ್ಗಿಸಿತು. ಇವು ಕಟ್ಟುನಿಟ್ಟಾಗಿ ಡ್ರೀಮ್ ಪಾಪ್ ಅಲ್ಲ, ಆದರೆ ಈ ಊರಿನಲ್ಲಿ ಅಂಥ ನಾದಕ್ಕೆ ಕಿವಿ ತೆರೆಸಿದವು ಇವೇ. ಇವುಗಳನ್ನು ಕೇಳದೆ ನೇರವಾಗಿ ಹೊಸತಕ್ಕೆ ಹೋದರೆ ಹೊಸತು ಎಷ್ಟು ಹೊಸತು ಎಂಬುದು ತಿಳಿಯುವುದಿಲ್ಲ.

ಇಲ್ಲಿಂದ ಮುಂದೆ ಮನುಷ್ಯರ ಹೆಸರುಗಳನ್ನು ಹಿಡಿದು ನಡೆಯಬೇಕು. ಸಣ್ಣ ಸಂಗೀತ ವಲಯದಲ್ಲಿ ಒಬ್ಬರೇ ಎರಡು ಮೂರು ಬ್ಯಾಂಡ್‌ಗಳಲ್ಲಿ ನುಡಿಸುತ್ತಾರೆ, ಒಂದು ನಿಂತರೆ ಇನ್ನೊಂದನ್ನು ಕಟ್ಟುತ್ತಾರೆ. ಅಂಟಿಲ್ ವಿ ಲಾಸ್ಟ್ ಬ್ಯಾಂಡಿನ ಗಿಟಾರ್ ವಾದಕ ಕೇತನ್ ಬಾಹಿರಟ್ ಓಷಿಯನ್‌ಟೈಡ್ ಎಂಬ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಾರೆ. ಲೌಂಜ್ ಪಿರಾನಾದ ಡ್ರಮ್ಸ್ ವಾದಕ ಜಾರ್ಜ್ ಮ್ಯಾಥನ್ ಅವರೇ ಅಪ್ಪುಪೆನ್ ಎಂಬ ಹೆಸರಿನ ಕಾಮಿಕ್ಸ್ ಕಲಾವಿದ. ದೆಹಲಿಯಲ್ಲೂ ಹೀಗೆಯೇ. ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಬ್ಯಾಂಡಿನವರೇ ಬೇಗಂ ಎಂಬ ಇನ್ನೊಂದು ಬ್ಯಾಂಡ್ ಮಾಡಿಕೊಂಡು ಮಂಜು ಮುಸುಕಿದಂಥ ನಾದವನ್ನು ಅಲ್ಲಿ ಹುಡುಕಿದರು. ಆದ್ದರಿಂದ ಇಷ್ಟವಾದ ಒಂದು ಹಾಡು ಸಿಕ್ಕ ಕೂಡಲೇ ಅದನ್ನು ಯಾರು ನುಡಿಸಿದ್ದಾರೆ ಎಂಬಲ್ಲಿಗೆ ನಿಲ್ಲದೆ, ಯಾರು ರೆಕಾರ್ಡ್ ಮಾಡಿದರು, ಯಾರು ಮಿಕ್ಸ್ ಮಾಡಿದರು (ಬೇರೆ ಬೇರೆ ದನಿಗಳನ್ನು ಹದವಾಗಿ ಬೆರೆಸಿದರು), ಯಾರು ಮಾಸ್ಟರ್ ಮಾಡಿದರು (ಬಿಡುಗಡೆಗೆ ಮುನ್ನ ಕೊನೆಯ ಹದ ಕೊಟ್ಟರು), ಮುಖಪುಟದ ಚಿತ್ರ ಯಾರದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಇವುಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಹೆಸರು ಮಿಕ್ಸಿಂಗ್ ಎಂಜಿನಿಯರರದು. ಇಂಥ ಸಂಗೀತದಲ್ಲಿ ಗಾಯನವನ್ನು ಎಷ್ಟು ಹಿಂದೆ ಇಡಬೇಕು, ಎರಡು ಗಿಟಾರ್‌ಗಳ ರಿವರ್ಬ್ ಒಂದರೊಳಗೊಂದು ಕಲಸಿ ಕೆಸರಾಗದಂತೆ ಹೇಗೆ ಬೇರ್ಪಡಿಸಬೇಕು ಎಂಬುದು ಅರ್ಧ ರಚನೆಯೇ ಸರಿ. ಅದನ್ನು ಬಲ್ಲ ಒಬ್ಬ ಎಂಜಿನಿಯರರ ಬಳಿಗೆ ಅದೇ ಅಭಿರುಚಿಯ ಹುಡುಗ ಹುಡುಗಿಯರು ಊರಿನ ಎಲ್ಲ ಮೂಲೆಗಳಿಂದಲೂ ಹುಡುಕಿಕೊಂಡು ಬರುತ್ತಾರೆ.

ಜಾಲತಾಣಗಳಲ್ಲಿ ಹುಡುಕುವವರು ಬ್ಯಾಂಡ್‌ಕ್ಯಾಂಪಿನಿಂದ ಆರಂಭಿಸುವುದು ಒಳ್ಳೆಯದು. 2008ರಿಂದ ನಡೆಯುತ್ತಿರುವ, ಹಾಡುಗಳನ್ನು ಕೇಳುಗರಿಗೆ ನೇರವಾಗಿ ಮಾರುವ ಈ ತಾಣದಲ್ಲಿ ಬ್ಯಾಂಡಿನವರು ತಮ್ಮ ಸಂಗೀತದ ಬಗೆಯನ್ನೂ ಊರನ್ನೂ ತಾವೇ ಗುರುತಿಸಿರುತ್ತಾರೆ, ಹೊಸದಾಗಿ ಬಂದವುಗಳನ್ನು ಮೊದಲು ನೋಡುವ ಅವಕಾಶವೂ ಇದೆ. ಇಲ್ಲಿ ಒಂದು ಚಿಕ್ಕ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ಬಿಡುಗಡೆಗಳು ಸಾಮಾನ್ಯವಾಗಿ ಬ್ಯಾಂಗಲೋರ್ ಎಂದೇ ಗುರುತಿಸಿಕೊಂಡಿವೆ, ಆಮೇಲಿನವುಗಳಲ್ಲಿ ಎರಡೂ ಬಳಕೆಯಲ್ಲಿವೆ. ಎರಡೂ ರೂಪಗಳಲ್ಲಿ ಹುಡುಕದಿದ್ದರೆ ಒಂದು ಪಾಲು ಸಂಗೀತ ಕಣ್ಣಿಗೇ ಬೀಳುವುದಿಲ್ಲ. ಬಗೆಯ ವಿಷಯದಲ್ಲೂ ಡ್ರೀಮ್ ಪಾಪ್ ಎಂಬ ಒಂದೇ ಗುರುತಿಗೆ ಅಂಟಿಕೊಳ್ಳದೆ ಶೂಗೇಜ್ (ಗಿಟಾರ್ ಭೋರ್ಗರೆಯುವ ಕವಲು), ಪೋಸ್ಟ್ ರಾಕ್ (ಹೆಚ್ಚಾಗಿ ವಾದ್ಯಗಳಲ್ಲೇ ನಿಧಾನವಾಗಿ ಕಟ್ಟುವಂಥದ್ದು), ಆಂಬಿಯೆಂಟ್ (ವಾತಾವರಣದಂತೆ ಹರಡುವ ನಾದ), ಬೆಡ್‌ರೂಮ್ ಪಾಪ್ (ಮನೆಯಲ್ಲೇ ರೆಕಾರ್ಡ್ ಮಾಡುವ ಪಾಪ್) ಎಂಬ ನೆರೆಯ ಮನೆಗಳ ಬಾಗಿಲನ್ನೂ ತಟ್ಟಬೇಕು, ಏಕೆಂದರೆ ಹೊಸ ಬ್ಯಾಂಡ್‌ಗಳಿಗೆ ತಮ್ಮನ್ನು ಏನೆಂದು ಕರೆದುಕೊಳ್ಳಬೇಕು ಎಂಬುದು ಇನ್ನೂ ಇತ್ಯರ್ಥವಾಗಿರುವುದಿಲ್ಲ.

ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅಲ್ಲಿ ಹಾಡಿನ ಕ್ರೆಡಿಟ್ಸ್ ನೋಡಲು, ಒಂದು ಬ್ಯಾಂಡಿನ ಕೇಳುಗರು ಬೇರೆ ಯಾರನ್ನು ಕೇಳುತ್ತಾರೆ ಎಂದು ತಿಳಿಯಲು ಅನುಕೂಲವಿದೆ. ಆದರೆ ತಿಂಗಳ ಕೇಳುಗರ ಸಂಖ್ಯೆಯನ್ನು ಪ್ರತಿಭೆಯ ಅಳತೆ ಎಂದು ತೆಗೆದುಕೊಳ್ಳಲೇಬಾರದು. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸಂಭಾವನೆಯ ಪಾಲೇ ಹುಟ್ಟುವುದಿಲ್ಲ. ನಾವು ಹುಡುಕುತ್ತಿರುವ ಹಾಡು ಎಷ್ಟೋ ಸಲ ಈ ಗೆರೆಯ ಕೆಳಗೇ ಇರುತ್ತದೆ. ಶಿಫಾರಸು ಮಾಡುವ ಯಂತ್ರ ಈಗಾಗಲೇ ಕೇಳಿಸಿಕೊಂಡ ಹಾಡುಗಳ ಲೆಕ್ಕದ ಮೇಲೆ ನಡೆಯುತ್ತದೆ, ಇನ್ನೂ ಯಾರೂ ಕೇಳದ ಹಾಡನ್ನು ಅದು ಕೈಗೆತ್ತಿಕೊಡುವುದು ಕಷ್ಟ.

ಕೊನೆಗೂ ತೀರ್ಮಾನವಾಗುವುದು ಬ್ಯಾಂಡನ್ನು ಎದುರಿಗೆ ಕೇಳಿದಾಗಲೇ. ಬೆಂಗಳೂರಿನ ಸಂಗೀತದ ಜಾಗಗಳ ಬಗ್ಗೆ ಒಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ಅವು ಉಳಿಯುವುದಿಲ್ಲ. ಇಂದಿರಾನಗರದಲ್ಲಿ 2013ರಲ್ಲಿ ಆರಂಭವಾದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ, ಅದೇ ವರ್ಷ ನಗರದ ಅನೇಕ ಪಬ್‌ಗಳಲ್ಲಿ ಸಂಗೀತವೇ ನಿಂತಿತ್ತು. ನಿವಾಸಿಗಳ ನೆಮ್ಮದಿಯ ಪ್ರಶ್ನೆ ನಿಜವಾದದ್ದೇ. ಆದರೆ ಅದರ ಭಾರ ಬಿದ್ದದ್ದು ಬಾಡಿಗೆಯನ್ನೇ ಕಷ್ಟದಿಂದ ಹುಟ್ಟಿಸಿಕೊಳ್ಳುವ ಸಣ್ಣ ವೇದಿಕೆಗಳ ಮೇಲೆ ಎಂಬುದೂ ಅಷ್ಟೇ ನಿಜ. ಹೀಗಿರುವಾಗ ಒಂದು ವಿಳಾಸವನ್ನು ನೆಚ್ಚಿಕೊಳ್ಳುವುದಕ್ಕಿಂತ ಅಲ್ಲಿ ಕಾರ್ಯಕ್ರಮಗಳನ್ನು ಆಯ್ಕೆ ಮಾಡುವವರು ಯಾರೆಂದು ತಿಳಿದುಕೊಂಡು, ಅವರು ಹೋದಲ್ಲಿಗೆ ಹೋಗುವುದು ಜಾಣತನ. ಜಾಗ ಮುಚ್ಚಿದರೂ ಆ ಅಭಿರುಚಿ ಬೇರೆಡೆ ಬಾಗಿಲು ತೆರೆಯುತ್ತದೆ. ಪಬ್‌ಗಳಿಗೆ ಹೋಗಲು ಇಷ್ಟವಿಲ್ಲದವರು, ವಯಸ್ಸಿನ ನಿರ್ಬಂಧದಿಂದ ಹೋಗಲಾಗದ ವಿದ್ಯಾರ್ಥಿಗಳು, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಮತ್ತು ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದ ಕಾರ್ಯಕ್ರಮ ಪಟ್ಟಿಯನ್ನು ಆಗಾಗ ನೋಡುತ್ತಿರಬೇಕು. ಕುಳಿತು ಮೌನವಾಗಿ ಕೇಳುವ ಸಭಾಂಗಣ ಈ ಸಂಗೀತಕ್ಕೆ ಪಬ್ಬಿಗಿಂತ ಎಷ್ಟೋ ಮೇಲು.

ಪೋಸ್ಟರ್ ಓದುವಾಗ ಕೆಳಗಿನ ಸಣ್ಣ ಅಕ್ಷರಗಳಿಂದ ಆರಂಭಿಸಿ. ದೊಡ್ಡ ಹೆಸರು ಈಗಾಗಲೇ ಎಲ್ಲರಿಗೂ ಗೊತ್ತಿರುವಂಥದ್ದು. ಸಂಜೆಯ ಮೊದಲ ಸರದಿಯಲ್ಲಿ, ಅರ್ಧ ಖಾಲಿ ಕೋಣೆಗೆ ನುಡಿಸುವ ಬ್ಯಾಂಡ್ ಯಾವುದೋ ಅದರ ಮೇಲೆ ನಮ್ಮ ಗಮನ ಇರಬೇಕು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ ತೆರೆದ ಜಾಗದ ಕಾರ್ಯಕ್ರಮಗಳಲ್ಲಿ ಮೊದಲ ಬ್ಯಾಂಡ್ ಇನ್ನೂ ಬೆಳಕಿರುವಾಗಲೇ ವೇದಿಕೆ ಹತ್ತಿರುತ್ತದೆ. ಕೆಲಸ ಮುಗಿಸಿ, ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆ ದಾಟಿ, ನಿಧಾನವಾಗಿ ತಲುಪುವವರಿಗೆ ಅದು ಎಂದೂ ಸಿಗುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಮೆಟ್ರೊದಲ್ಲಿ ಹೋಗಿ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಉತ್ತಮ.

ಒಳಗೆ ಹೋದ ಮೇಲೆ ನಿಲ್ಲುವ ಜಾಗ ಮುಖ್ಯ. ವೇದಿಕೆಯ ಮುಂದೆಯೇ ನಿಂತರೆ ಗಿಟಾರ್ ಆಂಪ್ಲಿಫಯರಿನ ಸದ್ದು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಸೌಂಡ್ ಎಂಜಿನಿಯರ್ ಕುಳಿತ ಮೇಜಿನ ಪಕ್ಕದಲ್ಲಿ, ಅವರ ಕೆಲಸಕ್ಕೆ ಅಡ್ಡಿಯಾಗದಂತೆ ನಿಂತರೆ ಅವರು ಕೇಳುತ್ತಿರುವುದನ್ನೇ ನಾವೂ ಕೇಳುತ್ತೇವೆ. ಕಿವಿಗೆ ಇಯರ್‌ಪ್ಲಗ್ ಇರಲಿ. ಸಂಗೀತದ ಜಾಗಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹಾಕಿದೆ, ಮೃದುವಾಗಿ ಕೇಳುವ ಈ ಸಂಗೀತ ವೇದಿಕೆಯ ಮೇಲೆ ಅದನ್ನು ಸುಲಭವಾಗಿ ಮುಟ್ಟಬಲ್ಲದು. ಒಳ್ಳೆಯ ಪ್ಲಗ್ ಸದ್ದನ್ನು ತಗ್ಗಿಸುತ್ತದೆಯೇ ಹೊರತು ಸಂಗೀತವನ್ನು ಕೆಡಿಸುವುದಿಲ್ಲ.

ಇನ್ನು ಪ್ರತಿಭೆಯನ್ನು ಗುರುತಿಸುವ ಮಾತು. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ರಿವರ್ಬ್ ತಪ್ಪುಗಳನ್ನೂ ಮುಚ್ಚುತ್ತದೆ. ಪೆಡಲ್ ತುಳಿದರೆ ಸಾಧಾರಣ ಸ್ವರವೂ ಚೆಂದವಾಗಿ ಕೇಳುತ್ತದೆ, ಎರಡು ಹಾಡು ಮುಗಿಯುವವರೆಗೆ ಯಾವ ಬ್ಯಾಂಡೂ ಅದ್ಭುತವೆನಿಸಬಹುದು. ಆದ್ದರಿಂದ ಮೊದಲು ಗಿಟಾರನ್ನು ಬಿಟ್ಟು ಡ್ರಮ್ಸ್ ಮತ್ತು ಬೇಸ್ ಗಿಟಾರನ್ನು ಕೇಳಿ. ಮೇಲೆ ಎಲ್ಲವೂ ತೇಲುತ್ತಿರುವಾಗ ಕೆಳಗೆ ಲಯ ಗಟ್ಟಿಯಾಗಿ ನಿಂತಿದೆಯೇ ಎಂದು ನೋಡಬೇಕು. ನಿಧಾನಗತಿಯಲ್ಲಿ ಕಾಲ ತಪ್ಪದೆ ನುಡಿಸುವುದು ವೇಗವಾಗಿ ನುಡಿಸುವುದಕ್ಕಿಂತ ಕಷ್ಟ ಎಂಬುದನ್ನು ವಿಳಂಬ ಕಾಲದ ಕೃತಿ ಕೇಳಿದವರೆಲ್ಲ ಬಲ್ಲರು. ಎರಡನೆಯದಾಗಿ, ಹಾಡಿನೊಳಗೆ ಏರಿಳಿತವಿದೆಯೇ ಎಂಬುದು. ಐದು ನಿಮಿಷವೂ ಒಂದೇ ಮಟ್ಟದಲ್ಲಿ ಮೊಳಗುವ ಬ್ಯಾಂಡಿಗೆ ನಾದ ಗೊತ್ತಿದೆ, ಹಾಡು ಕಟ್ಟುವುದು ಗೊತ್ತಿಲ್ಲ. ಒಂದು ಗಿಟಾರ್ ಸುಮ್ಮನಾಗಿ, ಇನ್ನೊಂದಕ್ಕೆ ಜಾಗ ಬಿಟ್ಟು, ಮತ್ತೆ ಸೇರಿಕೊಳ್ಳುವಾಗ ಮೈ ನವಿರೇಳಿದರೆ ಅಲ್ಲಿ ಯೋಚನೆ ನಡೆದಿದೆ ಎಂದರ್ಥ.

ಕೋಣೆಯನ್ನು ಅರಿತು ನುಡಿಸುವುದು ಇನ್ನೊಂದು ಲಕ್ಷಣ, ನಾನು ಇದಕ್ಕೆ ಬಹಳ ಬೆಲೆ ಕೊಡುತ್ತೇನೆ. ಕಾಂಕ್ರೀಟ್ ಗೋಡೆ, ಗಾಜಿನ ಕಿಟಕಿಗಳಿರುವ ಜಾಗದಲ್ಲಿ ಸದ್ದು ತಾನಾಗಿಯೇ ಮೊಳಗುತ್ತಿರುತ್ತದೆ. ಅದರ ಮೇಲೆ ಪೆಡಲಿನ ರಿವರ್ಬನ್ನೂ ಪೂರ್ತಿ ಹಾಕಿದರೆ ಏನೂ ಕೇಳುವುದಿಲ್ಲ. ಒಳ್ಳೆಯ ಬ್ಯಾಂಡಿನವರು ಸೌಂಡ್ ಚೆಕ್ ಸಮಯದಲ್ಲೇ ಇದನ್ನು ಗ್ರಹಿಸಿ, ಬಗ್ಗಿ ಪೆಡಲಿನ ಗುಂಡಿಯನ್ನು ತಗ್ಗಿಸುತ್ತಾರೆ. ಜನ ತುಂಬಿದ ಮೇಲೆ ಮೈಗಳು ಸದ್ದನ್ನು ಹೀರಿಕೊಂಡು ಕೋಣೆ ಒಣಗಿದಂತಾದಾಗ ಮತ್ತೆ ಸ್ವಲ್ಪ ಏರಿಸುತ್ತಾರೆ. ಹಾಡುಗಳ ನಡುವೆ ಇಂಥದ್ದೊಂದು ಚಲನೆ ಕಂಡರೆ, ಅವರು ತಮ್ಮ ಕಿವಿಯನ್ನು ನಂಬಿ ನುಡಿಸುವವರು ಎಂದು ತಿಳಿಯಬಹುದು. ಗಾಯನ ಹಿಂದೆ ಇರುವುದು ಈ ಶೈಲಿಯಲ್ಲಿ ದೋಷವಲ್ಲ. ಆದರೆ ಹಿಂದೆ ಇದ್ದರೂ ರಾಗ ಕಿವಿಗೆ ಮುಟ್ಟಬೇಕು, ಮಾತು ತಿಳಿಯದಿದ್ದರೂ ಸ್ವರ ಜಾರಬಾರದು.

ಕೇಳಿ ಬಂದ ಮರುದಿನ ಅದೇ ಬ್ಯಾಂಡಿನ ರೆಕಾರ್ಡಿಂಗನ್ನು ಸಣ್ಣ ಸದ್ದಿನಲ್ಲಿ, ಬೇರೆ ಕೆಲಸವಿಲ್ಲದೆ ಕೂತು ಕೇಳಬೇಕು. ಅದರ ಒಂದು ರಾಗದ ಎಳೆಯನ್ನಾದರೂ ವಾದ್ಯವಿಲ್ಲದೆ ಗುನುಗಲು ಬಂದರೆ, ಪೆಡಲ್‌ಗಳನ್ನೆಲ್ಲ ತೆಗೆದಿಟ್ಟರೂ ಅಲ್ಲಿ ಹಾಡು ಉಳಿಯುತ್ತದೆ ಎಂದರ್ಥ. ಗುನುಗಲು ಬಾರದಿದ್ದರೆ ಇನ್ನೊಮ್ಮೆ ಎದುರಿಗೆ ಕೇಳುವವರೆಗೆ ತೀರ್ಪು ಕೊಡಬೇಡಿ. ಈ ಸಂಗೀತ ನಿಧಾನವಾಗಿ ಇಳಿಯುವಂಥದ್ದು.

ಭಾಷೆಯ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ಸ್ವತಂತ್ರ ಬ್ಯಾಂಡ್ ಎಂದ ಕೂಡಲೇ ನೆನಪಾಗುವುದು ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮ ಮುಂತಾದ ಜಾನಪದದ ನೆಲೆಯ ತಂಡಗಳು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹೊಸ ತಲೆಮಾರಿಗೆ ಮುಟ್ಟಿಸಿದ ರಘು ದೀಕ್ಷಿತ್ ಅವರ ಸಾಧನೆ ದೊಡ್ಡದು. ತೇಲುವ ನಾದದ ಬ್ಯಾಂಡ್‌ಗಳು ಬೆಂಗಳೂರಿನಲ್ಲಿ ಹೆಚ್ಚಾಗಿ ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಹಾಡಿವೆ. ನಮ್ಮ ಭಾಷೆಯ ದೀರ್ಘ ಸ್ವರಗಳು, ಪದಗಳ ಕೊನೆಯಲ್ಲಿ ತೆರೆದುಕೊಳ್ಳುವ ಅಕಾರ ಉಕಾರಗಳು ಈ ಬಗೆಯ ಗಾಯನಕ್ಕೆ ಹೇಳಿ ಮಾಡಿಸಿದಂತಿವೆ ಎಂದು ನನಗೆ ಯಾವಾಗಲೂ ಅನಿಸುತ್ತದೆ, ಅದನ್ನು ಕೇಳುವ ಹಂಬಲ ನನ್ನಲ್ಲಿ ತೀವ್ರವಾಗಿದೆ. ಹಾಗಾಗಿ ಹುಡುಕುವಾಗ ಕನ್ನಡ ಲಿಪಿಯಲ್ಲೂ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಪದಗಳಿಂದಲೂ ಹುಡುಕಿ. ಒಂದೇ ಪದವನ್ನು ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ, ತಾಳ್ಮೆ ಬೇಕು. ಬೆಂಗಳೂರಿನಾಚೆ ಮೈಸೂರು, ಮಂಗಳೂರು, ಮಣಿಪಾಲ, ಧಾರವಾಡಗಳಲ್ಲಿ ಕಾಲೇಜು ಉತ್ಸವಗಳ ಬ್ಯಾಂಡ್ ಸ್ಪರ್ಧೆಗಳೇ ಮೊದಲ ವೇದಿಕೆ. ಅಲ್ಲಿ ಬಹುಮಾನ ಗೆಲ್ಲುವುದು ಸಾಮಾನ್ಯವಾಗಿ ಅಬ್ಬರದ ಬ್ಯಾಂಡ್, ಆದ್ದರಿಂದ ಬಹುಮಾನ ಬಾರದವರನ್ನೂ ಕೇಳಿ ಬನ್ನಿ.

ಬ್ಯಾಂಡ್ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಹಾಡನ್ನು ಹಣ ಕೊಟ್ಟು ಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15ನ್ನು ತಾನು ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಎಂಬ, ತಾಣವೇ ಮೊದಲೇ ಘೋಷಿಸುವ ದಿನಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ, ಆದ್ದರಿಂದ ಆ ದಿನ ನೋಡಿ ಕೊಂಡರೆ ಬ್ಯಾಂಡಿಗೆ ಹೆಚ್ಚು ಸೇರುತ್ತದೆ. ಇಲ್ಲಿಂದ ಹಣ ಕಟ್ಟಲು ವಿದೇಶಿ ವಹಿವಾಟಿಗೆ ಅನುಮತಿ ಇರುವ ಕಾರ್ಡ್ ಬೇಕಾಗಬಹುದು. ಕಾರ್ಯಕ್ರಮದ ಜಾಗದಲ್ಲಿ ಟೀ ಶರ್ಟ್, ಪೋಸ್ಟರ್, ಸಿ.ಡಿ. ಇಟ್ಟಿದ್ದರೆ ಅಲ್ಲೇ ಕೊಳ್ಳುವುದು ಇನ್ನೂ ನೇರವಾದ ನೆರವು. ಅತಿಥಿ ಪಟ್ಟಿಯಲ್ಲಿ ಹೆಸರು ಸೇರಿಸುವಂತೆ ಪರಿಚಯದವರನ್ನು ಕೇಳಬೇಡಿ, ಸಣ್ಣ ಬ್ಯಾಂಡಿಗೆ ಟಿಕೆಟ್ಟಿನ ಹಣವೇ ಮುಂದಿನ ಅಭ್ಯಾಸ ಕೋಣೆಯ ಬಾಡಿಗೆ. ಕಾರ್ಯಕ್ರಮ ಮುಗಿದ ಮೇಲೆ, ಅವರು ತಂತಿಗಳನ್ನು ಸುತ್ತಿ ಪೆಡಲ್‌ಗಳನ್ನು ಪೆಟ್ಟಿಗೆಗೆ ಸೇರಿಸಿ ಬಿಡುವಾದಾಗ, ಯಾವ ಹಾಡು ಏಕೆ ಹಿಡಿಸಿತು ಎಂದು ನಿರ್ದಿಷ್ಟವಾಗಿ ಹೇಳಿ, ಜೊತೆಗೆ ಈ ಊರಿನಲ್ಲಿ ಅವರಿಗೆ ಇಷ್ಟವಾದ ಬ್ಯಾಂಡ್ ಯಾವುದೆಂದು ಕೇಳಿ. ಹೆಸರುಗಳ ಪಟ್ಟಿಗೆ ಇದಕ್ಕಿಂತ ನಂಬಬಹುದಾದ ಮೂಲವಿಲ್ಲ.

ಕೊಂಡ ಹಾಡುಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಫ್ಲ್ಯಾಕ್ ಎಂಬ, ಗುಣಮಟ್ಟ ಕುಗ್ಗಿಸದ ಫೈಲಿನ ರೂಪದಲ್ಲಿ ಇಳಿಸಿಕೊಂಡರೆ ರಿವರ್ಬಿನ ಬಾಲ ಕರಗುವ ಸೂಕ್ಷ್ಮಗಳು ನಷ್ಟವಾಗುವುದಿಲ್ಲ. ಬ್ಯಾಂಡ್ ಒಡೆದರೆ, ಸದಸ್ಯರು ಬೇರೆ ಊರಿಗೆ ಕೆಲಸಕ್ಕೆ ಹೋದರೆ, ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಸಂಸ್ಥೆಯ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ ಅವರ ಹಾಡುಗಳು ಜಾಲತಾಣಗಳಿಂದ ಮಾಯವಾಗುವುದುಂಟು. ಆಗ ಅವು ಉಳಿಯುವುದು ಕೊಂಡವರ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಫೈಲಿನ ಜೊತೆಗೆ ಬಿಡುಗಡೆಯ ವರ್ಷ, ನುಡಿಸಿದವರ ಮತ್ತು ಮಿಕ್ಸ್ ಮಾಡಿದವರ ಹೆಸರು, ಎಲ್ಲಿ ಕೇಳಿದಿರಿ ಎಂಬ ಟಿಪ್ಪಣಿ ಇರಲಿ.